ಬಾಗಿಲ ಚೌಕಟ್ಟಿನ ಕಂಬಳಿ ತುಂಡು

ರುಕ್ಮಿಣಮ್ಮನ ಮನೆಯೊಳಗೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಕಂಬಳಿ ತುಂಡು. ಅಡುಗೆಮನೆ ಬಾಗಿಲ ಚೌಕಟ್ಟಿಗೆ, ನಿಂತವರ ಬೆನ್ನಿನ ಎತ್ತರಕ್ಕೆ, ಅಂಗೈ ಅಗಲದ ಕರಿ ಕಂಬಳಿಯ ಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ದೃಷ್ಟಿಗೆ ಕಟ್ಟಿದ್ದಿರಬೇಕು ಅಂದುಕೊಂಡೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಅರಸೀಕೆರೆಯಲ್ಲಿ ಯಾವುದನ್ನು ದೃಷ್ಟಿಗೆ ಕಟ್ಟುತ್ತಾರೆ, ಯಾವುದನ್ನು ಸುಮ್ಮನೆ ಒಣಗಲು ನೇತುಹಾಕುತ್ತಾರೆ ಅನ್ನುವುದು ಇನ್ನೂ ಗೊತ್ತಾಗುತ್ತಿರಲಿಲ್ಲ.

ಅದು ತೊಂಬತ್ತೆಂಟನೇ ಇಸವಿ. ನನ್ನ ಗಂಡ ಶಶಿ ರೈಲ್ವೆಯಲ್ಲಿ. ಅರಸೀಕೆರೆ ಜಂಕ್ಷನ್ನಿಗೆ ವರ್ಗವಾಗಿ ಬಂದು, ನಡುವೆ ಒಂದೇ ಗೋಡೆಯಿದ್ದ ಜೋಡಿ ಮನೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದರು. ಪಾಳಿ ಕೆಲಸ. ಮನೆಯಲ್ಲಿದ್ದರೆ ನಿದ್ದೆ, ಎದ್ದರೆ ಸ್ಟೇಷನ್ನು. ಮಗಳು ಬಿಂದು ಆಗಿನ್ನೂ ಮಗುಚಿಕೊಳ್ಳಲು ಕಲಿಯುತ್ತಿದ್ದ ಕೂಸು. ಅತ್ತರೆ ಯಾಕೆ ಅತ್ತಳು, ಅಳದಿದ್ದರೆ ಯಾಕೆ ಅಳಲಿಲ್ಲ ಅನ್ನುವ ಚಿಂತೆಯಲ್ಲೇ ನನ್ನ ಹಗಲು ಕಳೆಯುತ್ತಿತ್ತು. ಗೋಡೆಯಾಚೆ ರುಕ್ಮಿಣಮ್ಮ ಒಬ್ಬರೇ.

ಅವರು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಆಯಾ. ಬೆಳಿಗ್ಗೆ ಕೊಠಡಿಗಳ ಬೀಗ ತೆಗೆಯುವುದು, ಜಗಲಿಯಲ್ಲಿ ನೇತುಹಾಕಿದ್ದ ರೈಲು ಕಂಬಿಯ ತುಂಡಿಗೆ ಬಡಿದು ಗಂಟೆ ಹೊಡೆಯುವುದು, ಟೀಚರುಗಳಿಗೆ ಕಾಫಿ ನೀರು ಕೊಡುವುದು, ಸಂಜೆ ಮತ್ತೆ ಬೀಗ. ಗಂಡಸಿ ಅನ್ನುವ ಊರಿನ ಕಡೆಯ ಅವರ ಗಂಡ ಅದೇ ಶಾಲೆಯಲ್ಲಿ ಜವಾನರಾಗಿದ್ದು ಚಿಕ್ಕ ವಯಸ್ಸಿಗೇ ತೀರಿಕೊಂಡರಂತೆ. ಅನುಕಂಪದ ಮೇಲೆ ಆ ಕೆಲಸ ಇವರಿಗೆ ಸಿಕ್ಕಿತು. ಮಕ್ಕಳಿರಲಿಲ್ಲ. ವಯಸ್ಸು ಐವತ್ತರ ಹತ್ತಿರ, ಎತ್ತರದ ಆಳು. ಬೇಸಿಗೆಯಲ್ಲೂ ಮೊಣಕೈ ಮುಚ್ಚುವ ಉದ್ದ ತೋಳಿನ ರವಿಕೆ ತೊಡುತ್ತಿದ್ದರು. ಅದೇಕೆಂದು ನನಗೆ ಆಮೇಲೆ ತಿಳಿಯಿತು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆಯಿಂದ ಸರ್ ಸರ್ ಅಂತ ಸದ್ದು. ಯಾರೋ ಮರಕ್ಕೆ ಉಪ್ಪುಕಾಗದ ಹಾಕಿ ಉಜ್ಜುತ್ತಿರುವ ಹಾಗೆ. ಬಿಡುವಿಲ್ಲದೆ ಬರುತ್ತಲೇ ಇತ್ತು. ಬಿಂದುವನ್ನು ಎತ್ತಿಕೊಂಡೇ ಹೋಗಿ ನೋಡಿದೆ. ರುಕ್ಮಿಣಮ್ಮ ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮೇಲಕ್ಕೂ ಕೆಳಕ್ಕೂ ಮೈ ತೀಡಿಕೊಳ್ಳುತ್ತಿದ್ದರು. ಕುತ್ತಿಗೆಯ ಮೇಲೆ, ತೋಳಿನ ಮೇಲೆ ಕೆಂಪು ದದ್ದುಗಳು, ಒಂದಕ್ಕೊಂದು ಕೂಡಿಕೊಂಡು ದಪ್ಪಗೆ ಎದ್ದಿದ್ದವು.

ನನ್ನನ್ನು ಕಂಡರೂ ಅವರು ನಿಲ್ಲಿಸಲಿಲ್ಲ. "ಹೆದರ್ಕಬ್ಯಾಡ ಕಣವ್ವ. ಪಿತ್ತದ ಗಂಧೆ. ಸಂಜೆ ಆಯ್ತು ಅಂದ್ರೆ ಏಳ್ತದೆ, ಉಜ್ಜಿದ್ರೆ ಒಂದ್ ಗಳಿಗೆ ಸುಮ್ಕಾಯ್ತದೆ. ಕೈ ಎಟುಕೋ ಕಡೆ ನಾನೇ ಉಜ್ಕತೀನಿ. ಬೆನ್ನಿಗೆ ಯಾರವ್ರೆ? ಅದ್ಕೆ ಬಾಗ್ಲಿಗೆ ಹೇಳಿದ್ದೀನಿ."

ನಾನು ಬಿಂದುವನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊಸಿಲಿನಿಂದ ಈಚೆಗೇ ನಿಂತೆ. ಅದು ಅವರ ಕಣ್ಣಿಗೆ ಬಿತ್ತು. "ದೀಪ ಹಚ್ಚೋ ಹೊತ್ತು, ಕೂಸ್ನ ಹೊರಗೆ ನಿಲ್ಲಿಸ್ಕಬ್ಯಾಡ, ಹೋಗು" ಅಂದರು.

ಅದಾದ ವಾರವೇ ಬಿಂದುವಿನ ಕೆನ್ನೆ, ತೊಡೆಯ ಮೇಲೆ ಕೆಂಪು ಗುಳ್ಳೆಗಳು ಎದ್ದವು. ಅವತ್ತು ನನಗೆ ಅನ್ನ ಸೇರಲಿಲ್ಲ. ಪಾಳಿ ಮುಗಿಸಿ ಬಂದು ಮಲಗಿದ್ದ ಶಶಿಯನ್ನು ಎಬ್ಬಿಸಿ ಡಾಕ್ಟರ ಹತ್ತಿರ ಓಡಿದೆ. ಪೇಟೆ ಬೀದಿಯ ಆ ಡಾಕ್ಟರು ಮಗುವನ್ನು ಬೆಳಕಿಗೆ ತಿರುಗಿಸಿ ನೋಡಿ, "ಸೊಳ್ಳೆ. ಅರಸೀಕೆರೆಗೆ ಹೊಸಬರಾ? ಪರದೆ ಕಟ್ಟಿ" ಅಂದರು. ಪಕ್ಕದ ಮನೆಯ ಗಂಧೆಯ ವಿಷಯವನ್ನೂ ಕೇಳಿದೆ. ಅಂಟುವ ಕಾಯಿಲೆಯಲ್ಲ, ಒಬ್ಬರಿಂದೊಬ್ಬರಿಗೆ ಹೋಗುವುದಿಲ್ಲ ಅಂದರು. ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ದಾರಿಯುದ್ದಕ್ಕೂ ಶಶಿ ನಗುತ್ತಾ ಬಂದರು. "ಇನ್ನೊಂದು ಸಲ ಕೇಳಿದ್ದರೆ ಆ ಡಾಕ್ಟರಿಗೇ ಗಂಧೆ ಏಳ್ತಿತ್ತು ಕಣೇ."

ಅಲ್ಲಿಂದ ಮುಂದೆ ಸಂಜೆ ಸದ್ದು ಕೇಳಿದರೆ ನಾನೇ ಹೋಗಿ ಅವರ ಬೆನ್ನು ಉಜ್ಜತೊಡಗಿದೆ. ಹಿತ್ತಿಲ ಕುಂಡದಿಂದ ದೊಡ್ಡಪತ್ರೆ ಎಲೆ ಕಿತ್ತು, ಹಿಂಡಿ, ರಸ ಹಚ್ಚಿ, ಅದರ ಮೇಲೆ ಕಂಬಳಿ. ಬಿಂದು ಚಾಪೆಯ ಮೇಲೆ ಬೋರಲು ಬಿದ್ದುಕೊಂಡು ನಮ್ಮನ್ನೇ ನೋಡುತ್ತಿದ್ದಳು. ಮೊದಲ ದಿನ ನನ್ನ ಕೈ ತಾಗಿದಾಗ ರುಕ್ಮಿಣಮ್ಮ ಬೆನ್ನು ಬಿಗಿ ಹಿಡಿದರು. ಆಮೇಲೆ ಉಸಿರು ಬಿಟ್ಟು, "ಯಾರೋ ಮುಟ್ಟಿದ್ದು ಮರ್ತೇ ಹೋಗಿತ್ತು" ಅಂದರು. ಶಾಲೆಯಲ್ಲಿ ಟೀಚರೊಬ್ಬರು ಮನೆಯಿಂದ ನೀರಿನ ಬಾಟಲಿ ತರಲು ಶುರು ಮಾಡಿದ್ದರಂತೆ. ನೋಡಿ ನೋಡಿ ಎಲ್ಲರೂ ತಂದರಂತೆ. "ಒಳ್ಳೇದೇ ಆಯ್ತು, ನಂಗೆ ಬಿಂದಿಗೆ ಹೊರೋದು ತಪ್ತು" ಅಂತ ನಕ್ಕರು.

ಆ ಸಂಜೆಗಳಲ್ಲಿ, ನನಗೆ ಬೆನ್ನು ಕೊಟ್ಟು ಕೂತೇ ಅವರು ತಮ್ಮ ಕಥೆ ಹೇಳಿದ್ದು. ಮುಖ ಕಾಣದಿದ್ದರೆ ಮಾತು ಸಲೀಸು ಅಂತ ಕಾಣುತ್ತದೆ.

ಅವರ ತಮ್ಮ ಚಿಕ್ಕಣ್ಣನವರದು ಕಣಕಟ್ಟೆಯಲ್ಲಿ ತೆಂಗಿನ ತೋಟ, ರಾಗಿ ಹೊಲ. ಮೊದಲ ಹೆಂಡತಿ ಸತ್ತಾಗ ಮಗಳು ಹೇಮಾಶ್ರೀ ಇನ್ನೂ ಬೆರಳು ಚೀಪುವ ಮಗು. ಚಿಕ್ಕಣ್ಣ ಮಗುವನ್ನು ಬಸ್ಸಿನಲ್ಲಿ ತಂದು ಅಕ್ಕನ ಮಡಿಲಿಗೆ ಹಾಕಿ, "ನಾಕ್ ದಿನ ನೋಡ್ಕ ಅಕ್ಕ" ಅಂದು ಹೋದರು. ಆಮೇಲೆ ಇನ್ನೊಂದು ಮದುವೆಯಾದರು. ಆ ನಾಕು ದಿನ ಹೇಮಾಶ್ರೀ ಪಿಯುಸಿ ಮುಗಿಸುವವರೆಗೂ ನಡೆಯಿತು. ಅವಳಿಗೆ ಜಡೆ ಹಾಕಿ, ಅದೇ ಹೈಸ್ಕೂಲಿಗೆ ಕೈಹಿಡಿದು ಕರೆದುಕೊಂಡು ಹೋಗಿ, ಅವಳ ತರಗತಿಗೂ ಇವರೇ ಗಂಟೆ ಹೊಡೆದರು. ಅವಳು ಇವರನ್ನು ಅತ್ತೆಮ್ಮ ಅಂತ ಕರೆಯುತ್ತಿದ್ದಳು. ಆಮೇಲೆ ಬೇಲೂರಿನ ಬೀರೇಶ ಅನ್ನುವ ಹುಡುಗನಿಗೆ ಕೊಟ್ಟು ಮದುವೆ ಮಾಡಿದರು. ಅವನದು ದೇವಸ್ಥಾನದ ಬೀದಿಯಲ್ಲಿ ಪ್ರವಾಸಿಗರಿಗೆ ಕ್ಯಾಮೆರಾ ರೀಲು ಮಾರುವ, ಫೋಟೋ ತೊಳೆದುಕೊಡುವ ಅಂಗಡಿ. ಒಳ್ಳೆಯ ಮನೆ. ಧಾರೆಯಲ್ಲಿ ಚಿಕ್ಕಣ್ಣ, ಅವರ ಎರಡನೇ ಹೆಂಡತಿ ಕೂತರು. ರುಕ್ಮಿಣಮ್ಮ ಅಡುಗೆ ಭಟ್ಟರಿಗೆ ತೆಂಗಿನಕಾಯಿ ಎಣಿಸಿ ಕೊಡುತ್ತಿದ್ದರು.

ಮದುವೆ ಮುಗಿಸಿ ಬಂದ ವಾರದಲ್ಲಿ ಗಂಧೆ ಶುರುವಾಯಿತು.

"ಮದುವೆ ಊಟದಾಗೆ ಎಣ್ಣೆಗಾಯಿ ಮಾಡಿದ್ರು ಕಣವ್ವ. ಬದನೆಕಾಯಿ ನಂಜು ಅಂತ ಬದನೆಕಾಯಿ ಬಿಟ್ಟೆ. ಹೋಗ್ಲಿಲ್ಲ. ಹುರುಳಿಕಾಳು ಹೀಟು ಅಂದ್ರು, ಅದೂ ಬಿಟ್ಟೆ. ಕಡ್ಲೆಕಾಯಿ ಬಿಟ್ಟೆ, ಅವರೆಕಾಯಿ ಬಿಟ್ಟೆ, ಹುಳಿ ಬಿಟ್ಟೆ. ಈಗ ಬಿಡಕ್ಕೆ ಉಳ್ದಿರೋದು ಅನ್ನ ಮಜ್ಗೆ, ಆಮೇಲೆ ನೀನು ಕೊಡೋ ಕಾಫಿ."

ಪಥ್ಯ ಹೆಚ್ಚಿದ ಹಾಗೆ ಅವರನ್ನು ಊಟಕ್ಕೆ ಕರೆಯುವವರೂ ಕಡಿಮೆಯಾದರು. ಏನು ಮಾಡಿದರೂ ಒಲ್ಲೆ ಅನ್ನುವವರನ್ನು ಯಾರು ಎಷ್ಟು ಸಲ ಕರೆಯುತ್ತಾರೆ? ಮದುವೆ ಮುಂಜಿಗೆ ಹೋದರೂ ಮುಯ್ಯಿ ಕೊಟ್ಟು, ತಾಂಬೂಲ ತೆಗೆದುಕೊಂಡು, ಪಂಕ್ತಿ ಏಳುವ ಮೊದಲೇ ಬಂದುಬಿಡುತ್ತಿದ್ದರು. ಬಂದು ಬೀಗ ತೆಗೆದು, ಒಂದು ಪಾವು ಅಕ್ಕಿ ಇಟ್ಟು, ಸಂಜೆ ಕಾಯುತ್ತಿದ್ದರು.

ಹೀಗಿರುವಾಗ ಹೇಮಾಶ್ರೀ ಬಸುರಿಯಾದ ಸುದ್ದಿ ಬಂತು. ರುಕ್ಮಿಣಮ್ಮ ನಮ್ಮ ಮನೆಗೆ ಬಂದು ಸಕ್ಕರೆ ಕೊಟ್ಟು ಹೇಳಿದರು. ಅವತ್ತು ಸಂಜೆ ಗೋಡೆಯಾಚೆಯಿಂದ ಸದ್ದು ಬರಲಿಲ್ಲ. ನಾನು ಕಿವಿಗೊಟ್ಟು ಕಾದೆ, ಮಾರನೇ ದಿನವೂ ಇಲ್ಲ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಹೇಮಾಶ್ರೀಯ ತವರು ಅಂದರೆ ಇದೇ ಮನೆ ಅನ್ನುವುದರಲ್ಲಿ ರುಕ್ಮಿಣಮ್ಮನಿಗೆ ಅನುಮಾನವೇ ಇರಲಿಲ್ಲ. ಹಳೆಯ ವಾಯಿಲ್ ಸೀರೆಗಳನ್ನು ಒಗೆದು ಒಗೆದು ಮೆತ್ತಗೆ ಮಾಡಿ ಕೂಸಿನ ಬಟ್ಟೆ ಹರಿದಿಟ್ಟರು. ತಾಮ್ರದ ಹಂಡೆಗೆ ಕಲಾಯಿ ಹಾಕಿಸಿದರು. ಬಾಣಂತಿ ಕೋಣೆಗೆ ಗಾಳಿ ಬರದಂತೆ ಕಿಟಕಿಗೆ ಗೋಣಿತಾಟು ಹೊಡೆದರು. ಕಿಟಕಿ ಮುಚ್ಚಿದರೆ ಮಗುವಿಗೆ ಉಸಿರು ಕಟ್ಟುವುದಿಲ್ಲವೇ ಅಂತ ನಾನು ಚಿಂತೆ ಮಾಡಿದೆ. "ನಿನ್ ಕೂಸಿಗೆ ನೀನು ಚಿಂತೆ ಮಾಡು, ನನ್ ಕೂಸಿಗೆ ನಾನು ಮಾಡ್ತೀನಿ" ಅಂದರು. ಅಷ್ಟು ಗೆಲುವಾಗಿ ಅವರನ್ನು ನಾನು ನೋಡಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಚಿಕ್ಕಣ್ಣ ಬಂದರು. ಒಂದು ಚೀಲ ತೆಂಗಿನಕಾಯಿ ಇಳಿಸಿ, ಜಗಲಿಯ ಮೇಲೆ ಕೂತು, ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಟವಲಿನಿಂದ ಮುಖ ಒರೆಸಿಕೊಂಡೇ ಒರೆಸಿಕೊಂಡರು. ನಾನು ನಮ್ಮ ಜಗಲಿಯಲ್ಲಿ ಬಿಂದುವಿಗೆ ಊಟ ಮಾಡಿಸುತ್ತಿದ್ದೆ.

"ಬೀಗಿತ್ತಿ ಒಂದ್ ಮಾತು ಅಂದವ್ರೆ ಅಕ್ಕ. ನಿಂಗೆ ಮೈ ಸರಿ ಇಲ್ವಲ್ಲ, ಕೂಸಿಗೆ ಏನಾರ ಅಂಟಿದ್ರೆ ಅಂತ. ಕಣಕಟ್ಟೆಗೇ ಕರ್ಕಂಡೋಗಿ ಅಂತವ್ರೆ."

"ನೀನೇನಂದೆ?"

"ನಾನೇನ್ ಅನ್ನಲಿ. ಹೆಣ್ ಕೊಟ್ಟೋನು."

"ಹೆಣ್ ಸಾಕ್ದೋಳು ನಾನು ಕಣೋ" ಅಂದರು ರುಕ್ಮಿಣಮ್ಮ. ದನಿ ಏರಿರಲಿಲ್ಲ. ಚಿಕ್ಕಣ್ಣ ಕಾಫಿ ಕುಡಿಯದೇ ಬಸ್ಸಿಗೆ ಹೊರಟರು.

ಆ ಸಂಜೆ ಎದ್ದ ದದ್ದುಗಳು ಇಳಿಯಲೇ ಇಲ್ಲ. ಬೆಳಿಗ್ಗೆ ನೋಡಿದರೆ ತುಟಿ ಊದಿ, ಕಣ್ಣು ಮುಚ್ಚಿಹೋಗಿ, ಗುರುತೇ ಸಿಗದ ಮುಖ. ಶಶಿಯ ಬಳಿ ಬಿಂದುವನ್ನು ಬಿಟ್ಟು, ಅವರನ್ನು ಹಾಸನದ ಬಸ್ಸು ಹತ್ತಿಸಿದೆ. ಹಾರನಹಳ್ಳಿ ದಾಟುವವರೆಗೆ ಅವರು ಸೆರಗು ಮುಚ್ಚಿಕೊಂಡೇ ಇದ್ದರು.

ಅಲ್ಲಿ ಚರ್ಮದ ಡಾಕ್ಟರು ಒಂದು ಸೂಜಿ ಚುಚ್ಚಿ, ಊತ ಇಳಿಯುವವರೆಗೆ ಕೂರಿಸಿ, ಆಮೇಲೆ ನಿಧಾನವಾಗಿ ವಿಚಾರಿಸಿದರು.

"ಯಾವಾಗ ಶುರುವಾಯ್ತಮ್ಮ ಇದು?"

"ನಮ್ ಹುಡುಗಿ ಮದುವೆ ಆದ್ಮೇಲೆ ಸ್ವಾಮಿ. ಮದುವೆ ಊಟದಾಗೆ ಬದನೆಕಾಯಿ ಇತ್ತು."

"ಬದನೆಕಾಯಿ ಇರಲಿ. ಹುಡುಗಿ ಹೋದ ಮೇಲೆ ಮನೇಲಿ ಯಾರಿದ್ದಾರೆ?"

"ನಾನಿದ್ದೀನಲ್ಲ."

"ನಿಮ್ಮನ್ನ ಬಿಟ್ಟು?"

ರುಕ್ಮಿಣಮ್ಮ ಸ್ವಲ್ಪ ಯೋಚಿಸಿ ನನ್ನನ್ನು ತೋರಿಸಿದರು. "ಇವ್ರದ್ದು ಪಕ್ಕದ್ ಮನೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಇದಕ್ಕೆ ಕಾರಣ ಇಂಥದ್ದೇ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಹಲವರಲ್ಲಿ ಕಾರಣ ಸಿಗುವುದೇ ಇಲ್ಲ ಅಂದರು. ಆದರೆ ಮನಸ್ಸು ಕೆಟ್ಟಾಗ, ನೊಂದಾಗ, ಚರ್ಮದ ಇಂಥ ಕಾಯಿಲೆಗಳು ಕೆರಳುವುದನ್ನು ದಿನಾ ನೋಡುತ್ತೇವೆ ಅಂದರು. ಕೆರೆತದಿಂದ ನಿದ್ದೆ ಕೆಟ್ಟು, ಜನರ ನೋಟದಿಂದ ನಾಚಿಕೆಯಾಗಿ, ಮನಸ್ಸು ಇನ್ನಷ್ಟು ಕೆಡುತ್ತದೆ, ಆಗ ಮತ್ತೆ ಕಾಯಿಲೆ. "ಒಂದನ್ನೊಂದು ಅಟ್ಟಿಸ್ಕೊಂಡು ಹೋಗ್ತಾ ಇರ್ತವೆ. ಮಾತ್ರೆ ಕೊಡ್ತೀನಿ, ತಪ್ಪಿಸಬೇಡಿ. ಮುಖ ಊದಿದರೆ, ಉಸಿರಿಗೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಬನ್ನಿ. ಪಥ್ಯ ಬಿಡಿ, ನೀವು ಹೇಳೋದು ನೋಡಿದ್ರೆ ಊಟಕ್ಕೂ ಇದಕ್ಕೂ ಸಂಬಂಧ ಕಾಣಲ್ಲ. ಒಬ್ಬರೇ ಇರೋದನ್ನ ಕಡಿಮೆ ಮಾಡಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಿರುಗಿಕೊಂಡೇ ಅಂದರು: "ನಂಗೆ ನಾಚ್ಕೆ ಆಯ್ತು ಕಣವ್ವ. ಹುಡುಗಿ ಕೊಟ್ಟ ಮನೇಲಿ ಸುಖವಾಗವ್ಳೆ. ಅದ್ಕೆ ನನ್ ಮೈ ಉರೀತೈತೆ ಅಂದ್ರೆ, ಅವ್ಳ ಸುಖ ಕಂಡು ಹೊಟ್ಟೆಕಿಚ್ಚು ಅಂದಂಗಾಯ್ತಲ್ಲ. ಯಾರ್ ಮುಂದೆ ಹೇಳ್ಕಳ್ಳಿ? ಬದನೆಕಾಯಿಂದ ಬಂತು ಅಂದ್ರೆ ಯಾರ್ಗೂ ಬ್ಯಾಸ್ರ ಇಲ್ಲ."

ಮಗು ಹಾಲು ಕುಡಿಯಿತೋ ಇಲ್ಲವೋ ಅನ್ನುವ ಯೋಚನೆ ಒಂದು ಕಡೆ, ಇವರ ಮಾತು ಇನ್ನೊಂದು ಕಡೆ. ಅವರ ಕೈ ಹಿಡಿದುಕೊಂಡು ಕೂತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ನಾವು ಬೇಲೂರಿಗೆ ಹೊರಟೆವು. ಯೋಚನೆ ನನ್ನದು. ಅಂಟುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ನಾವು ಬಾಯಲ್ಲಿ ಹೇಳಿದರೆ ಬೀಗರು ನಂಬಲಿಕ್ಕಿಲ್ಲ. ದಿನವೂ ರುಕ್ಮಿಣಮ್ಮನ ತೊಡೆಯ ಮೇಲೆ ಆಡುವ ಬಿಂದುವನ್ನು ಕಣ್ಣಾರೆ ನೋಡಿದರೆ ನಂಬಬಹುದು. ಹಿಂದಿನ ದಿನವಿಡೀ ಅವಳನ್ನು ಸೊಳ್ಳೆ ಪರದೆಯೊಳಗೇ ಇಟ್ಟಿದ್ದೆ. ಅವಳಿಗೆ ಎರಡು ಸ್ವೆಟರ್ ಸುತ್ತಿದ್ದನ್ನು ನೋಡಿ ರುಕ್ಮಿಣಮ್ಮ, "ಬೇಲೂರು ಹಿಮಾಲಯದಾಗೈತಾ?" ಅಂದರು. ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಕೈಯಲ್ಲಿ ಹೂವು, ಹಣ್ಣು, ಕೂಸಿನ ಬಟ್ಟೆಗಳಲ್ಲಿ ಮೆತ್ತಗಿನದೊಂದು, ಮಾದರಿಗೆ.

ಹೇಮಾಶ್ರೀ ಬಾಗಿಲಲ್ಲೇ ನಿಂತಿದ್ದಳು. ತುಂಬಿದ ಹೊಟ್ಟೆ, ತೆಳ್ಳಗಿನ ಕೈಗಳು. "ಅತ್ತೆಮ್ಮ" ಅಂದಳು. ಹತ್ತಿರ ಬರಲು ಹೆಜ್ಜೆ ಇಟ್ಟವಳು ಒಳಗೆ ಕೂತಿದ್ದ ತನ್ನ ಅತ್ತೆ ಸಣ್ಣತಾಯಮ್ಮನನ್ನು ನೋಡಿ ನಿಂತಳು.

ಸಣ್ಣತಾಯಮ್ಮ ಕೆಟ್ಟ ಹೆಂಗಸಲ್ಲ. ದಪ್ಪಗೆ, ನಗುನಗುತ್ತಾ ಮಾತಾಡುವವರು. ಬಿಂದುವನ್ನು ನನ್ನ ಕೈಯಿಂದ ಇಸಿದುಕೊಂಡು, ಸ್ವೆಟರ್ ಒಂದೊಂದಾಗಿ ಬಿಚ್ಚಿ, ತೋಳು, ಬೆನ್ನು, ಕುತ್ತಿಗೆ ಮಡಿಕೆ ಎಲ್ಲ ನೋಡಿದರು. ಸಂತೆಯಲ್ಲಿ ಕಾಯಿ ಆರಿಸುವವರ ಹಾಗೆ.

"ಇವ್ರು ದಿನಾ ಎತ್ಕತಾರಾ ಇದ್ನ?"

"ದಿನಾ. ಎಣ್ಣೆ ಹಚ್ಚಿ ನೀರು ಹಾಕೋದೂ ಅವರೇ" ಅಂದೆ.

"ಮೈ ತೊಳೆದಿಟ್ಟ ಬೆಣ್ಣೆ ಥರ ಐತೆ." ಬಿಂದುವಿನ ಗಲ್ಲ ಹಿಂಡಿ ರುಕ್ಮಿಣಮ್ಮನ ಕಡೆ ತಿರುಗಿದರು. "ಅಂಟಲ್ಲ ಅಂತೀರಾ ಹಂಗಾದ್ರೆ. ಸರಿ ಬಿಡಿ ಬೀಗ್ರೆ, ಊಟ ಮಾಡಿ, ಮಾತಾಡನ."

ರುಕ್ಮಿಣಮ್ಮನ ಮುಖ ಬೆಳಗಿತು.

ಎಲೆ ಹಾಕಿದರು. ಮುದ್ದೆ, ಹಿತಕಿದ ಅವರೆಬೇಳೆ ಸಾರು, ಒಬ್ಬಟ್ಟು. ಹೇಮಾಶ್ರೀ ಒಳಗಿನಿಂದ ಬಟ್ಟಲು ಹಿಡಿದು ಬಂದಳು. ಎಣ್ಣೆಗಾಯಿ. ಮಸಾಲೆ ಒಡೆದು ಎಣ್ಣೆ ತೇಲುತ್ತಿತ್ತು. ಬಗ್ಗಲು ಕಷ್ಟಪಟ್ಟುಕೊಂಡೇ ಅತ್ತೆಮ್ಮನ ಎಲೆಯ ಮುಂದೆ ಬಗ್ಗಿದಳು.

ರುಕ್ಮಿಣಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ನಂಗೆ ಬ್ಯಾಡ ಮಗ. ಒಂದ್ ಹಿಡಿ ಅನ್ನ, ಮಜ್ಗೆ ಹಾಕು ಸಾಕು."

"ನಿಂಗೇ ಅಂತ ಮಾಡ್ದೆ ಅತ್ತೆಮ್ಮ."

"ಡಾಕ್ಟರು ಎಲ್ಲಾ ತಿನ್ನಬಹುದು ಅಂದಿದ್ದಾರಲ್ಲ" ಅಂತ ನಾನು ಮೆಲ್ಲಗೆ ನೆನಪು ಮಾಡಿದೆ.

"ಇವತ್ತೊಂದಿನ ಬ್ಯಾಡ" ಅಂದರು. ಕೈ ಹಾಗೇ ಎಲೆಯ ಮೇಲಿತ್ತು. ಬೀಗರ ಕಣ್ಣೆದುರಿಗೆ ಒಂದೇ ಒಂದು ದದ್ದೂ ಏಳಬಾರದು ಅನ್ನುವ ಹಟ ಅದು. ನನಗೆ ಗೊತ್ತಾಯಿತು. ಆದರೆ ಬೀಗರ ಮನೆಯಲ್ಲಿ ಎಲೆಯ ಮುಂದೆ ಕೂತು, ಬಡಿಸಲು ಬಂದ ಕೈಯನ್ನು ತಡೆದರೆ ಅದು ಬೇರೆಯದೇ ಮಾತಾಗುತ್ತದೆ. ಹೇಮಾಶ್ರೀ ಬಟ್ಟಲು ಹಿಡಿದು ಅಲ್ಲೇ ನಿಂತಳು. ಒಬ್ಬಟ್ಟೂ ಬೇಡ ಅಂದಾಗ ಸಣ್ಣತಾಯಮ್ಮ ತುಪ್ಪದ ಮಿಳ್ಳೆ ಕೆಳಗಿಟ್ಟರು.

"ಏನ್ ಬೀಗ್ರೆ, ನಮ್ಮನೆ ಊಟ ಸೇರಲ್ವಾ?"

"ಹಂಗಲ್ಲ ಕಣ್ರವ್ವ, ಪಥ್ಯ."

"ಇಷ್ಟು ದಿನ ಆದ್ಮೇಲೂ ಇಷ್ಟೊಂದು ಪಥ್ಯ ಐತೆ ಅಂದ್ರೆ ಇದು ಸಣ್ ಕಾಯ್ಲೆ ಅಲ್ಲ ಬಿಡಿ." ಆಮೇಲೆ ನಗುತ್ತಲೇ ಅಂದರು: "ಬಾಣಂತಿ ಅಲ್ವಾ ಪಥ್ಯ ಮಾಡ್ಬೇಕಾದೋಳು? ಮಾಡಿಸಬೇಕಾದೋರೇ ಪಥ್ಯದಾಗಿದ್ರೆ ಅವ್ಳಿಗೆ ಬೇಯ್ಸಿ ಹಾಕೋರು ಯಾರು?"

ಹೊರಡುವಾಗ ನನಗೆ ಕುಂಕುಮ ಕೊಟ್ಟು, ಇಬ್ಬರಿಗೂ ರವಿಕೆ ಕಣ ಕೊಟ್ಟು, ಸಣ್ಣತಾಯಮ್ಮ ರುಕ್ಮಿಣಮ್ಮನ ಕೈ ಹಿಡಿದು ಹೇಳಿದರು, "ಕಣಕಟ್ಟೆಗೇ ಕಳಿಸ್ತೀವಿ ಬೀಗ್ರೆ. ಅವ್ಳಪ್ಪನ ಮನೆ, ಅದೂ ತವರೇ ಅಲ್ವಾ. ನೀವು ನಿಮ್ ಆರೋಗ್ಯ ನೋಡ್ಕಳಿ." ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ರುಕ್ಮಿಣಮ್ಮ ಉತ್ತರ ಕೊಡುತ್ತಿದ್ದರು.

ಹಳೇಬೀಡಿನಲ್ಲಿ ಬಸ್ಸು ಪ್ರವಾಸಿಗರಿಂದ ತುಂಬಿಕೊಂಡಿತು. ಅಲ್ಲಿಂದ ಹೊರಟು ಸ್ವಲ್ಪ ಹೊತ್ತಿಗೆ ಅವರ ಕುತ್ತಿಗೆಯ ಮೇಲೆ ಮೊದಲ ದದ್ದು ಎದ್ದಿತು. ನೋಡುನೋಡುತ್ತಿದ್ದಂತೆ ಕಿವಿಯವರೆಗೆ ಹರಡಿತು. ಅವರು ಚೀಲದ ತಳದಿಂದ ಕಂಬಳಿ ತುಂಡೊಂದನ್ನು ತೆಗೆದು ನನಗೆ ಕೊಟ್ಟರು. ಮನೆಯಿಂದಲೇ ತಂದಿದ್ದರು. ಬಿಂದುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ರವಿಕೆಯ ಮೇಲಿಂದಲೇ ಬೆನ್ನು ಉಜ್ಜಿದೆ. ಪಕ್ಕದ ಸೀಟಿನ ಹೆಂಗಸು ತನ್ನ ಮಗುವನ್ನು ಎಳೆದುಕೊಂಡು ಎದ್ದು ಮುಂದೆ ಹೋಗಿ ನಿಂತಳು.

"ತಿನ್ನದೇ ಇದ್ರೂ ಬಂತಲ್ಲವ್ವ" ಅಂದರು ರುಕ್ಮಿಣಮ್ಮ.

ಜಾವಗಲ್ ದಾಟಿದ ಮೇಲೆ ಮತ್ತೆ ಅದನ್ನೇ ಅಂದರು. ಊರು ಹತ್ತಿರವಾದಾಗ, "ತಿಂದಿದ್ರಾಗಿತ್ತು. ಎಷ್ಟ್ ಎಣ್ಣೆ ಹಾಕಿ ಮಾಡಿದ್ಲೋ. ಬಗ್ಗಕ್ಕೂ ಆಗ್ತಿರ್ಲಿಲ್ಲ ಅವ್ಳಿಗೆ" ಅಂದರು.

ಮುಂದಿನ ಸಂತೆಯಿಂದ ಬದನೆಕಾಯಿ ತಂದರು. ಎಣ್ಣೆಗಾಯಿ ಮಾಡಿ, ನನಗೂ ಒಂದು ಬಟ್ಟಲು ಕೊಟ್ಟು, ತಾವು ಒಬ್ಬರೇ ಕೂತು ಮುದ್ದೆಯ ಜೊತೆ ತಿಂದರು. ಸಂಜೆ ಹೋಗಿ ಕೇಳಿದೆ. "ಬಂತು. ದಿನಾ ಬರೋ ಅಷ್ಟೇ ಬಂತು. ಪಾಪ, ಬದನೆಕಾಯಿ ಮೇಲೆ ಸುಮ್ಕೆ ಹೊರಿಸಿದ್ದೆ." ಅವತ್ತಿನಿಂದ ಪಥ್ಯ ನಿಂತಿತು. ಮಾತ್ರೆಯಿಂದಲೂ ಎಷ್ಟೋ ತಗ್ಗಿತು. ಆದರೆ ಮಾತ್ರೆ ನುಂಗಿದರೆ ಬೆಳಿಗ್ಗೆ ಎಚ್ಚರವಾಗದೆ ಶಾಲೆಯ ಮೊದಲ ಗಂಟೆ ತಡವಾಗುತ್ತದೆಂದು ಆಗಾಗ ಬಿಡುತ್ತಿದ್ದರು. ನಾನು ಗದರಿಸುತ್ತಿದ್ದೆ.

ಹೇಮಾಶ್ರೀಗೆ ಕಣಕಟ್ಟೆಯಲ್ಲಿ ಹೆಣ್ಣು ಮಗುವಾಯಿತು. ರುಕ್ಮಿಣಮ್ಮ ಮೆತ್ತಗಿನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಹೋದರು. ಚಿಕ್ಕಣ್ಣನ ಹೆಂಡತಿ ಗಂಟನ್ನು ತೆಗೆದುಕೊಂಡು ಅಟ್ಟಕ್ಕೆ ಹಾಕಿದರಂತೆ. ಮತ್ತೆ ನಾಮಕರಣಕ್ಕೆ ಹೋದರು. ಬಂದ ಸಂಜೆ ನಾನು ಕೇಳುವ ಮೊದಲೇ ಬೆನ್ನು ಕೊಟ್ಟು ಕೂತು ಹೇಳತೊಡಗಿದರು.

"ಪಂಕ್ತಿಲಿ ಕೂತು ಎಲ್ಲಾ ತಿಂದೆ. ಎರಡ್ ಸಲ ಹಾಕಿಸ್ಕಂಡೆ. ಸಣ್ಣತಾಯಮ್ಮ ಕಣ್ ಬಿಟ್ಕಂಡು ನೋಡ್ತಾ ಇದ್ರು."

"ಮಗು ಎತ್ಕೊಂಡ್ರಾ?"

"ಎತ್ಕಳ್ಳಲಿಲ್ಲ. ಎಲ್ಲಾರೂ ಎತ್ಕಂಡ್ರು, ನಾನು ಕೇಳಲಿಲ್ಲ. ತೊಟ್ಲಿಗೆ ಉದ್ದ ಹಗ್ಗ ಕಟ್ಟಿದ್ರು. ಹಗ್ಗ ಹಿಡ್ಕಂಡು ತೂಗ್ತಾ ಇದ್ದೆ. ಹಗ್ಗಕ್ಕೆ ಯಾರೂ ಬ್ಯಾಡ ಅನ್ನಲಿಲ್ಲ. ಹೇಮಾ ಬಂದು ಪಕ್ಕದಾಗೆ ಕೂತ್ಕಂಡ್ಲು. ಸಂಜೆಗಂಟ ಅಲ್ಲೇ ಇದ್ದೆ, ಒಂದ್ ಸಾಸ್ವೆಕಾಳಷ್ಟೂ ಏಳಲಿಲ್ಲ ಕಣವ್ವ. ಇಲ್ಲಿ ಬಂದು ಬೀಗ ತೆಗೀತಿದ್ದಂಗೆ ಎದ್ದೈತೆ ನೋಡು. ಬಾಗ್ಲಲ್ಲೇ ಕಾಯ್ಕಂಡಿದ್ದಂಗೆ." ಆಮೇಲೆ, "ಇದಾದ್ರೂ ಕಾಯ್ತೈತಲ್ಲ ನಂಗೆ" ಅಂದರು. ನಗೆಮಾತಿನ ಹಾಗೆ ಹೇಳಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಶಶಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವಾಗ ಬಿಂದು ಅವರ ಸೊಂಟ ಬಿಟ್ಟು ಇಳಿಯಲಿಲ್ಲ. "ಬೆನ್ನಿಗೇನು ಮಾಡ್ತೀರಿ?" ಅಂತ ಕೇಳಿದೆ. ಕೇಳಬಾರದಿತ್ತೇನೋ. "ಬಾಗ್ಲು ಐತಲ್ಲ" ಅಂದರು.

ಆಮೇಲೆ ಒಂದೆರಡು ಸಲ ಶಾಲೆಗೆ ಫೋನ್ ಮಾಡಿದೆ. ಗಂಟೆ ಹೊಡೆಯುವ ಹೊತ್ತಾಯಿತೆಂದು ಅವರು ಬೇಗ ಇಟ್ಟುಬಿಡುತ್ತಿದ್ದರು.

ಎರಡು ವರ್ಷದ ಮೇಲೆ ಮೈಸೂರಿಗೆ ಹೋಗುವಾಗ ಅರಸೀಕೆರೆಯಲ್ಲಿ ಇಳಿದು, ಮುಂದಿನ ರೈಲಿಗೆ ಸಾಕಷ್ಟು ಹೊತ್ತು ಇದ್ದುದರಿಂದ, ಬಿಂದುವಿನ ಕೈ ಹಿಡಿದುಕೊಂಡು ಅವರ ಮನೆಗೆ ಹೋದೆ. ದಸರಾ ರಜೆ ಮುಗಿದು ಕೆಲವೇ ದಿನವಾಗಿತ್ತು. ಕೂದಲು ಪೂರ್ತಿ ಬಿಳಿಯಾಗಿತ್ತು, ರವಿಕೆಯ ತೋಳು ಹಾಗೇ ಉದ್ದ. ಬಿಂದುವನ್ನು ಎತ್ತಿಕೊಳ್ಳಲು ನೋಡಿ, ಆಗದೆ, ತಬ್ಬಿಕೊಂಡು ನಿಂತರು. ಕಾಫಿಗೆ ನೀರಿಡಲು ಒಳಗೆ ಹೋದರು. ಅವರ ಹಿಂದೆಯೇ ಹೋದ ನನಗೆ ಚೌಕಟ್ಟಿನ ಮೇಲೆ ಎರಡು ಕಂಬಳಿ ತುಂಡುಗಳು ಕಂಡವು. ಒಂದು ಹಳೆಯದು, ಅವರ ಬೆನ್ನಿನ ಎತ್ತರಕ್ಕೆ. ಇನ್ನೊಂದು ಕೆಳಗೆ, ನನ್ನ ತೊಡೆಯ ಎತ್ತರಕ್ಕೆ.

"ರುಕ್ಮಿಣಮ್ಮ, ಹೇಮಾಶ್ರೀ ಮಗುವಿಗೂ ಬಂತಾ?"

ಅವರಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ನಾನು ನೋಡುತ್ತಿದ್ದ ಕಡೆ ನೋಡಿ, ಸೆರಗು ಬಾಯಿಗೆ ಹಿಡಿದು ನಕ್ಕರು.

"ಯಾರ್ಗೂ ಬಂದಿಲ್ಲ ಕಣವ್ವ, ನಿನ್ ಚಿಂತೆ ಇನ್ನೂ ಹೋಗಿಲ್ಲ. ಹೇಮಾ ಈಗ ನಮ್ ಸ್ಕೂಲ್ ರಜಕ್ಕೆ ಮಗೀನ ಕರ್ಕಂಡ್ ಬತ್ತಾಳೆ. ಅವ್ಳತ್ತೆಗೆ ಹೇಳೇ ಬತ್ತಾಳೆ, ಕದ್ದಲ್ಲ. ಆ ಮುಂಡೇದು ನನ್ ನೋಡಿ ತಾನೂ ಬಾಗ್ಲಿಗೆ ಬೆನ್ನು ಕೊಟ್ಕಂಡು ನಿಂತ್ಕಳೋದು. ನಂದು ಅವ್ಳಿಗೆ ಎಟುಕಲ್ಲ. ಎತ್ತಿ ಹಿಡೀಬೇಕು, ಇಲ್ಲಾಂದ್ರೆ ಅಳೋದು. ಬರೀ ಮರಕ್ಕೆ ಉಜ್ಕಂಡ್ರೆ ಸಿಬರು ಚುಚ್ತದೆ ಅಂತ ಅವ್ಳಿಗೂ ಒಂದ್ ಹೊಡ್ಕೊಟ್ಟೆ. ಇಬ್ರೂ ನಿಂತ್ಕತೀವಿ, ಅಜ್ಜಿ ಮೊಮ್ಮಗ್ಳು. ಹೇಮಾ ಬಂದು ಇಬ್ರಿಗೂ ಬೈತಾಳೆ."

"ಅವರಿದ್ದಾಗ ಗಂಧೆ?"

"ಇರಲ್ಲ. ಸುಮ್ನೆ ಆಟಕ್ಕೆ ಉಜ್ಕತೀನಿ."

ಅವರು ಕಾಫಿ ಸೋಸುತ್ತಿದ್ದರು. ಬಿಂದು ಚೌಕಟ್ಟಿನ ಹತ್ತಿರ ಹೋಗಿ ನಿಂತು ಎರಡನ್ನೂ ನೋಡಿದಳು. ಮೇಲಿನ ತುಂಡು ಸವೆದು ನೂಲು ನೂಲಾಗಿ, ನಡುವೆ ಮರ ಕಾಣುತ್ತಿತ್ತು. ಕೆಳಗಿನದರ ಮೇಲೆ ನಾನು ಬಗ್ಗಿ ಕೈಯಾಡಿಸಿದೆ. ಹೊಸ ಕಂಬಳಿಯ ಒರಟು ಹಾಗೇ ಇತ್ತು.

"ಇನ್ ಬ್ಯಾಸ್ಗೆ ರಜಕ್ಕೆ ಬತ್ತಾರಂತೆ" ಅಂದರು ರುಕ್ಮಿಣಮ್ಮ, ಲೋಟ ನನ್ನ ಕೈಗೆ ಕೊಡುತ್ತಾ.